ಎಲೋದಿಯಾ ಅಜ್ಜಿ ಯಾರ ಲೆಕ್ಕಕ್ಕೆ

ಗಣತಿಯ ದಿನ ಬೆಳಗ್ಗೆ ಆರೂವರೆಗೆ ನಿಕಾನೋರ್ ಚಿಕ್ಕಪ್ಪ ಹಳ್ಳಿಯಿಂದ ಫೋನ್ ಮಾಡಿ ನನ್ನನ್ನು ಕಳ್ಳ ಎಂದು ಕರೆದ.

"ಕಳ್ಳ ಕಣೋ ನೀನು! ನಮ್ಮಮ್ಮನ್ನ ಬಚ್ಚಿಟ್ಕೊಂಡಿದೀಯ!"

ಹಲ್ಲುಜ್ಜುವ ಬ್ರಷ್ಷು ನನ್ನ ಬಾಯಲ್ಲೇ ಇತ್ತು. "ಅಜ್ಜಿ ನಿಮ್ಮನೇಲಿ ಇಲ್ವಾ ಚಿಕ್ಕಪ್ಪ?"

"ನಮ್ಮನೇಲಾ? ನಿನ್ನೆ ನಾಲ್ಕು ಗಂಟೆಗೆ ಗಾಡಿ ತಗೊಂಡು ನಿಮ್ಮನೇಗೆ ಬಂದೆ. ಬಾಗ್ಲಿಗೆ ಬೀಗ. ಅರ್ಧ ಗಂಟೆ ಹಾರ್ನ್ ಹೊಡ್ದೆ. ಪಕ್ಕದ್ಮನೆ ನಾಯಿ ಬಂತು, ಅಮ್ಮ ಬರ್ಲಿಲ್ಲ. ಆಮೇಲೆ ಸಬಿನಾ ಫೋನ್ ಮಾಡಿ, 'ಅಮ್ಮನ ಹತ್ರ ನಾನೇ ಮಾತಾಡ್ದೆ, ಮನೇಲೇ ಇದಾಳೆ, ಕಡ್ಲೇಕಾಯಿ ಸೂಪ್ ಕುಡೀತಿದಾಳೆ' ಅಂತ ಕುಣಿದಾಡಿದ್ಲು. ನಮ್ಮೂರಿಗೆ ಒಂದು ತಲೆ ಕಮ್ಮಿ ಮಾಡಿದ್ಯಲ್ಲೋ, ಪಾಪಿ!"

ಬ್ರಷ್ಷು ಕೆಳಗೆ ಬಿತ್ತು. ಏಕೆಂದರೆ ಹಿಂದಿನ ಸಂಜೆ ಸಬಿನಾ ಅತ್ತೆ ಮಾತಾಡಿದ್ದು ಅಜ್ಜಿಯ ಜೊತೆಗಲ್ಲ. ನನ್ನ ಜೊತೆ.

ನಮ್ಮಲ್ಲಿ ಗಣತಿ ಎಂದರೆ ಒಂದೇ ದಿನದ ವ್ರತ. ಬೆಳಗಿನಿಂದ ಸಂಜೆಯವರೆಗೆ ಯಾರೂ ಬೀದಿಗಿಳಿಯುವಂತಿಲ್ಲ, ಗಾಡಿ ಓಡುವಂತಿಲ್ಲ, ಅಂಗಡಿ ತೆರೆಯುವಂತಿಲ್ಲ. ಹಿಂದಿನ ರಾತ್ರಿ ಎಲ್ಲಿ ಮಲಗಿದ್ದಿರೋ ಅಲ್ಲೇ ನಿಮ್ಮ ಲೆಕ್ಕ. ತಲೆ ಹೆಚ್ಚಿದಷ್ಟೂ ಊರಿಗೆ ಸರ್ಕಾರದ ದುಡ್ಡು ಹೆಚ್ಚು ಬರುವುದರಿಂದ, ತಿಂಗಳ ಮೊದಲೇ ತಲೆಗಳ ಎಳೆದಾಟ ಶುರುವಾಗುತ್ತದೆ. ನಮ್ಮ ತಾರಿಹಾ ನಗರದಲ್ಲಿ ಇಪ್ಪತ್ತು ವರ್ಷ ಬಾಳಿದವರೂ ಆ ಒಂದು ರಾತ್ರಿ ಹಾಸಿಗೆ ಸುತ್ತಿಕೊಂಡು ತಮ್ಮ ತಮ್ಮ ಹಳ್ಳಿಗೆ ಹೋಗಿ ಮಲಗುತ್ತಾರೆ. ಹೋಗಬೇಡಿ ಎಂದು ನಗರದವರು ಬ್ಯಾನರು ಕಟ್ಟುತ್ತಾರೆ. ಬ್ಯಾನರು ಕಟ್ಟಿದವನೂ ಸಂಜೆಯ ಬಸ್ಸು ಹಿಡಿಯುತ್ತಾನೆ.

ನಿಕಾನೋರ್ ಚಿಕ್ಕಪ್ಪ ರಿಂಕೊನಾದಾ ಹಳ್ಳಿಯ ನೀರಿನ ಸಮಿತಿಯ ಕಾರ್ಯದರ್ಶಿ. ಸಬಿನಾ ಅತ್ತೆ ನಗರದ ವಿಮಾನ ನಿಲ್ದಾಣದ ಹತ್ತಿರದ ಬಡಾವಣೆಯ ಸಂಘದ ಅಧ್ಯಕ್ಷೆ. ಅಪ್ಪ ಗಡಿಯಾಚೆ ದುಡಿಯಲು ಹೋದ ಮೇಲೆ ಸಾನ್ ರೋಕೆ ಬಡಾವಣೆಯ ಮನೆಯಲ್ಲಿ ಉಳಿದವರು ನಾನು ಮತ್ತು ಎಪ್ಪತ್ತೆಂಟು ವರ್ಷದ ಎಲೋದಿಯಾ ಅಜ್ಜಿ. ಅಜ್ಜಿಯ ತಲೆ ಹಳ್ಳಿಗೆ ಸೇರಬೇಕೆಂದು ಮಗ, ನಗರಕ್ಕೆ ಸೇರಬೇಕೆಂದು ಮಗಳು. ಅಜ್ಜಿ ಇಬ್ಬರಿಗೂ ಒಂದೇ ಉತ್ತರ ಕೊಟ್ಟಿದ್ದಳು, ನಮ್ಮ ಕಣಿವೆಯವರ ಆ ಉದ್ದನೆಯ ರಾಗದಲ್ಲಿ: "ಆಆಯ್ತು ಮಗಾಆ."

ಶುಕ್ರವಾರ ಏಳಕ್ಕೆ ನಾನು ಕೆಲಸದಿಂದ ಬಂದಾಗ ಮನೆ ಖಾಲಿ. ಶಾಲು ಇಲ್ಲ, ಟೋಪಿ ಇಲ್ಲ. ಚಿಕ್ಕಪ್ಪ ಕರೆದೊಯ್ದ, ಹಳ್ಳಿ ಗೆದ್ದಿತು ಎಂದುಕೊಂಡೆ. ಎಂಟಕ್ಕೆ ಅತ್ತೆಯ ಫೋನು. "ಎಲ್ವಿಯೊ, ಅಮ್ಮನಿಗೆ ಕೊಡು." ನಿಜ ಹೇಳಿದರೆ ಅಕ್ಕ ತಮ್ಮ ಮುಂದಿನ ಗಣತಿಯವರೆಗೆ ಮಾತು ಬಿಡುತ್ತಾರೆ. ನನಗೋ ಬಾಯಿಯೇ ಹೊಟ್ಟೆಪಾಡು. ರೇಡಿಯೊದಲ್ಲಿ ದಿನಾ ಬೆಳಗ್ಗೆ ಬಿಷಪ್ಪರಿಂದ ಹಿಡಿದು ಬಸ್ಸಿನ ಬಾಗಿಲಲ್ಲಿ ನೇತಾಡಿ ಕೂಗುವವನವರೆಗೆ ಎಲ್ಲರ ದನಿಯನ್ನೂ ತೆಗೆಯುವವನು ನಾನು. ಎರಡು ಸೆಕೆಂಡು ಬಿಟ್ಟು, ಗಂಟಲು ಸಡಿಲಿಸಿ, ಹೇಳಿಯೇಬಿಟ್ಟೆ:

"ಹೂಂಂ ಮಗಳೇಏ... ಇಲ್ಲೇಏ ಇದೀನಿ. ಸೂಪು ಕುಡೀತಿದೀನಿ. ಆರೋಗತ್ತೆ, ಇಡ್ಲಾ?"

ಅತ್ತೆ ಖುಷಿಯಾಗಿ ಇಟ್ಟರು. ಹೀಗೆ, ಅಜ್ಜಿ ಕಾಣೆಯಾಗಿ ಹದಿನಾಲ್ಕು ಗಂಟೆಯಾದರೂ ಯಾರೂ ಹುಡುಕದಂತೆ ನೋಡಿಕೊಂಡ ಪುಣ್ಯಾತ್ಮ ನಾನೇ. ನಾನೆಣಿಸಿದ್ದೇ ಒಂದು, ಸರ್ಕಾರ ಎಣಿಸಬೇಕಾಗಿದ್ದೇ ಇನ್ನೊಂದು.

ಅಜ್ಜಿಯ ಮೊಬೈಲಿಗೆ ಕರೆ ಮಾಡಿದೆ. ಅಡುಗೆಮನೆಯ ಹಿಟ್ಟಿನ ಡಬ್ಬಿ ರಿಂಗಣಿಸಿತು. ಸವೆದುಹೋಗುತ್ತದೆ ಎಂದು ಅವಳು ಅದನ್ನು ಅಲ್ಲೇ ಇಡುವುದು. ರಕ್ತದೊತ್ತಡದ ಗುಳಿಗೆಯ ಪಟ್ಟಿ ಕಪಾಟಿನಲ್ಲೇ ಇತ್ತು. ಅದನ್ನು ನೋಡಿದಾಗ ನನ್ನ ಒತ್ತಡ ಏರಿತು. ಎರಡು ಆಸ್ಪತ್ರೆಗೆ ಫೋನ್ ಮಾಡಿದೆ. ಅಂಥ ಯಾರೂ ಬಂದಿಲ್ಲ ಎಂದರು. ಅದಕ್ಕೆ ಸಮಾಧಾನಪಡಬೇಕೋ ಬೇಡವೋ ಗೊತ್ತಾಗಲಿಲ್ಲ. ಅಡ್ಡಾಡುವ ಪರವಾನಗಿ ಚೀಟಿ ರೇಡಿಯೊದವನಾದ ನನಗಿತ್ತು. ಅದನ್ನು ಕೊರಳಿಗೆ ನೇತುಹಾಕಿಕೊಂಡು ರೇಡಿಯೊ ಸ್ಟೇಷನ್ನಿಗೆ ಓಡಿದೆ.

ಸ್ಟೇಷನ್ನಿನ ಒಡತಿ ದೋನ್ಯಾ ಬೆತ್ಸಾಬೆ ಆಗಲೇ ಫೋನುಗಳ ಮುಂದೆ ಕೂತಿದ್ದರು. ಗಣತಿಯ ದಿನ ಊರಿಗೆ ಊರೇ ಮನೆಯಲ್ಲಿರುತ್ತದೆ, ಊರಿಗೆ ಊರೇ ರೇಡಿಯೊ ಕೇಳುತ್ತದೆ. ಅದಕ್ಕೇ ಅವರು ನನ್ನಿಂದ 'ನಮ್ಮ ನಗರ: ಒಂದು ನೋಟ' ಎಂದು ಅರ್ಧ ಗಂಟೆಯ ಪರಿಚಯ ಬರೆಸಿದ್ದರು. "ನಗಿಸಪ್ಪ, ಆದ್ರೆ ಅಂಕಿ ಅಂಶ ತಪ್ಪಬಾರ್ದು" ಎಂದು ತಾಕೀತು ಬೇರೆ.

ಎಂಟಕ್ಕೆ ಮೈಕಿನ ಮುಂದೆ ಕೂತೆ. "ತಾರಿಹಾ ನಗರ ಸಮುದ್ರ ಮಟ್ಟದಿಂದ ಸುಮಾರು ಸಾವಿರದ ಎಂಟುನೂರೈವತ್ತು ಮೀಟರ್ ಎತ್ತರದಲ್ಲಿದೆ. ನಮಗೆ ಸಮುದ್ರವಿಲ್ಲ, ಎತ್ತರ ಅಳೆಯುವುದಕ್ಕೆ ಮಾತ್ರ ಎರವಲು ತಂದುಕೊಳ್ಳುತ್ತೇವೆ. ಒಂದು ನದಿ, ಮಳೆಗಾಲದಲ್ಲಿ. ಉಳಿದ ಕಾಲದಲ್ಲಿ ನದಿಯ ವಿಳಾಸ. ಸುತ್ತ ದ್ರಾಕ್ಷಿ ತೋಟ. ನೋಟಕ್ಕೆ ಜನಕ್ಕಿಂತ ನಾಯಿಗಳು ಹೆಚ್ಚು, ಆದರೆ ನಮೂನೆಯಲ್ಲಿ ನಾಯಿಗೆ ಕಾಲಂ ಇಲ್ಲ. ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಇಡೀ ನಗರ ನಿದ್ದೆ ಮಾಡುತ್ತದೆ. ಅದು ಸೋಮಾರಿತನವಲ್ಲ, ವೇಳಾಪಟ್ಟಿ. ಜನಸಂಖ್ಯೆ..."

ಜನಸಂಖ್ಯೆ ಎನ್ನುವಲ್ಲಿಗೆ ಓದು ನಿಲ್ಲಿಸಿದೆ. ಎರಡೂವರೆ ಲಕ್ಷವೋ ಏನೋ ಬರೆದಿದ್ದೆ. ಅದರಲ್ಲಿ ಒಂದು ಎಲ್ಲಿದೆಯೆಂದು ನನಗೆ ಗೊತ್ತಿರಲಿಲ್ಲ.

ಹಾಳೆ ಮಗುಚಿಟ್ಟೆ. "ಕೇಳುಗರೇ, ಇದು ನನ್ನದೇ ದನಿ. ನನ್ನ ಅಜ್ಜಿ ಎಲೋದಿಯಾ ನಿನ್ನೆ ಮಧ್ಯಾಹ್ನದಿಂದ ಕಾಣೆಯಾಗಿದ್ದಾಳೆ. ಬೂದು ಶಾಲು, ಕಪ್ಪು ಟೋಪಿ. ಸಬಿನಾ ಅತ್ತೆ, ನಿನ್ನೆ ಫೋನಿನಲ್ಲಿ ಮಾತಾಡಿದ್ದು ಅಜ್ಜಿ ಅಲ್ಲ, ನಾನು. ತಪ್ಪಾಯಿತು. ಯಾರಾದರೂ ನೋಡಿದ್ದರೆ ದಯವಿಟ್ಟು ಫೋನ್ ಮಾಡಿ."

ಕೂಡಲೇ ಮೂರೂ ಫೋನು ಒಟ್ಟಿಗೆ ಬಡಿದುಕೊಂಡವು. ಮೊದಲನೆಯದನ್ನು ಎತ್ತಿದೆ.

"ಸಖತ್ತಾಗಿತ್ತಪ್ಪಾ ಎಲ್ವಿಯೊ! ಆ ಅಳು ಬರೋ ಥರ ಗಂಟ್ಲು ಮಾಡಿದ್ಯಲ್ಲ, ಅದು ಯಾರ್ದು? ಪಾದ್ರಿಗಳ್ದಾ?"

"ಇದು ನಾಟಕ ಅಲ್ಲ ಸ್ವಾಮಿ, ನಿಜವಾಗ್ಲೂ..."

"ಹ್ಹ ಹ್ಹ, 'ನಿಜವಾಗ್ಲೂ' ಅಂತೆ! ಇನ್ನೊಂದ್ಸಲ ಮಾಡು, ನಮ್ಮತ್ತೆ ಬಚ್ಚಲಲ್ಲಿದ್ರು, ಕೇಳಿಸ್ಕೊಂಡಿಲ್ಲ."

ಎರಡನೆಯವರು ಚಪ್ಪಾಳೆ ತಟ್ಟಿದರು. ಮೂರನೆಯವರು ತಮ್ಮ ಅಜ್ಜಿಯನ್ನೇ ಲೈನಿಗೆ ಕೊಟ್ಟರು: "ನಾನು ಸಿಕ್ಕಿದೀನಿ ಅಂತ ಹೇಳ್ಬಿಡು ಮಗಾ!" ಹಿಂದೆ ಇಡೀ ಮನೆ ನಗುತ್ತಿತ್ತು. ಹನ್ನೊಂದು ವರ್ಷ ಪರರ ದನಿಯಲ್ಲಿ ಮಾತಾಡಿದವನ ಸ್ವಂತ ದನಿಯನ್ನು ನಂಬುವವರು ತಾರಿಹಾದಲ್ಲಿ ಒಬ್ಬರೂ ಇರಲಿಲ್ಲ.

ಅಲ್ಲ, ಒಬ್ಬರಿದ್ದರು. ನಾಲ್ಕನೆಯ ಕರೆ ಸಬಿನಾ ಅತ್ತೆಯದು. ಬೈಗುಳ ಬರುತ್ತದೆಂದು ಕಿವಿ ಗಟ್ಟಿ ಮಾಡಿಕೊಂಡೆ. ಬರಲಿಲ್ಲ, ಅದೇ ಹೆಚ್ಚು ಹೆದರಿಸಿತು.

"ಎಲ್ವಿಯೊ. ಅಮ್ಮ ಗುಳಿಗೆ ತಗೊಂಡು ಹೋಗಿದಾಳಾ?"

"ಇಲ್ಲ ಅತ್ತೆ."

"ನಾನು ಹೊರಗೆ ಬರ್ಲಾ? ಪೊಲೀಸ್ರು ಹಿಡಿದ್ರೆ ಹಿಡೀಲಿ."

"ಎಲ್ಲಿಗೆ ಅಂತ ಬರ್ತೀರ ಅತ್ತೆ? ಸ್ವಲ್ಪ ತಡೀರಿ."

"ನಿನ್ನ ನಾಲಿಗೆ ಕತ್ತರಿಸಬೇಕು," ಎಂದರು ಆಮೇಲೆ, ಮೆಲ್ಲಗೆ. ಸ್ವಲ್ಪ ಧೈರ್ಯ ಬಂತು.

ಒಂಬತ್ತು ದಾಟಿತು. ಬೆತ್ಸಾಬೆಯವರಿಗೆ ಈಗ ನಂಬಿಕೆ ಬಂದಿತ್ತು. ಅತ್ತೆಯ ಕರೆಯನ್ನು ಪಕ್ಕದಲ್ಲೇ ಕೂತು ಕೇಳಿಸಿಕೊಂಡಿದ್ದರು, ಅದು ಮಿಮಿಕ್ರಿಯಲ್ಲ ಎಂದು ಅವರಿಗೆ ಗೊತ್ತಾಗಿತ್ತು. ಅವರು ತಾವೇ ಮೈಕಿನಲ್ಲಿ ಪ್ರಕಟಣೆ ಓದಿದರು. ಆದರೂ ಬಂದ ಕರೆಗಳು ಎಂದಿನವೇ: ಗಣತಿಯವರು ಇನ್ನೂ ಬಂದಿಲ್ಲ, ನಲ್ಲಿಯಲ್ಲಿ ನೀರಿಲ್ಲ, ಹೊರಗೆ ಹೋಗಲಾಗದ ಗಂಡನನ್ನು ಇಡೀ ದಿನ ಏನು ಮಾಡುವುದು. ಹತ್ತರ ಹೊತ್ತಿಗೆ ಸೇತುವೆಯಾಚೆಯಿಂದ ಒಬ್ಬಾಕೆ ಕರೆ ಮಾಡಿದಳು. ಹೆಸರು ಪ್ರಿಮಿತಿವಾ, ದನಿ ಗರಗಸ.

"ರೇಡಿಯೊದವ್ರೇ, ಇದನ್ನ ಬಿಷಪ್ಪರಿಗೆ ಮುಟ್ಟಿಸ್ಬೇಕು. ಈಸ್ಟರ್‌ಗೆ ಇನ್ನೂ ಎಂಟು ದಿನ ಇದೆ. ಪಕ್ಕದ್ಮನೆ ದೋನ್ ಲೀನೊ ಬೆಳಗ್ಗಿಂದ ಪಿಟೀಲು ನುಡಿಸ್ತಾ ಇದಾನೆ!"

ಬೆತ್ಸಾಬೆ ಎದೆ ಮುಟ್ಟಿಕೊಂಡರು. ನಮ್ಮ ಕಣಿವೆಯಲ್ಲಿ ವಾದ್ಯಕ್ಕೊಂದು ಋತುವಿದೆ. ಕಾರ್ನಿವಲ್ಲಿಗೆ ಕೊಂಬು, ಈಸ್ಟರಿಗೆ ಪಿಟೀಲು. ಈಸ್ಟರಿಗೆ ಮುಂಚಿನ ಉಪವಾಸದ ನಲವತ್ತು ದಿನ ಪಿಟೀಲು ಪೆಟ್ಟಿಗೆ ಬಿಟ್ಟು ಏಳುವಂತಿಲ್ಲ. ಎದ್ದರೆ ದ್ರಾಕ್ಷಿಯ ಮೇಲೆ ಆಲಿಕಲ್ಲು ಬೀಳುತ್ತದೆ. ಮಾತಿನಲ್ಲಿ ಪಿಟೀಲು ಕುಯ್ಯುವುದಕ್ಕೆ ಮಾತ್ರ ವರ್ಷವಿಡೀ ಅನುಮತಿ. ಇನ್ನು ದೋನ್ ಲೀನೊ ಎಂದರೆ ಪಿಟೀಲಿನ ಪಂಚಾಂಗವೇ. ಈಸ್ಟರಿನ ಹಿಂದಿನ ದಿನ, ಪವಿತ್ರ ಶನಿವಾರ, ಚರ್ಚಿನ ಗಂಟೆ ಹೊಡೆಯುವ ಮುಂಚೆ ತಂತಿ ಮುಟ್ಟಿದ ಶಿಷ್ಯನನ್ನು ಮನೆಗೆ ಕಳಿಸಿದ ಮನುಷ್ಯ.

"ಅವ್ರೇನಾ? ತಲೆ ಕೆಟ್ಟಿದ್ಯಾ ಅವ್ರಿಗೆ?" ಎಂದೆ.

"ಕೆಟ್ಟಿದೆ, ಕೆಡಿಸಿದಾರೆ! ಒಳಗೆ ಯಾವ್ದೋ ಹೆಂಗಸು ಕೂತಿದೆ. ಹೆಂಡ್ತಿ ಸತ್ತು ಒಂಬತ್ತು ವರ್ಷ ಆಗಿರೋ ಮನೇಲಿ! ಅವ್ನು ನುಡಿಸೋದು, ಅವ್ಳು ಕಾಲು ತಟ್ಟೋದು. ಮೇಲೆ ಬೈಗುಳ ಬೇರೆ, 'ಎಳೀಬ್ಯಾಡ, ಎಳೀಬ್ಯಾಡ, ಇದೇನು ಹಸೂವಿನ ಬಾಲವಾಆ?' ಅಂತ."

ನಾನು ಎದ್ದ ರಭಸಕ್ಕೆ ಕುರ್ಚಿ ಬಿತ್ತು. ಮಾತನ್ನು ಉದ್ದಕ್ಕೆ ಎಳೆದಾಗಲೆಲ್ಲ ಅಜ್ಜಿ ನನಗೆ ಹೇಳುವುದು ಅದನ್ನೇ. ತಾನು ಮಾತ್ರ ಎಳೆಯುತ್ತಲೇ ಹೇಳುವುದು.

"ಪ್ರಿಮಿತಿವಾ ಅವ್ರೇ, ಆ ಹೆಂಗಸಿನ ಶಾಲು ಯಾವ ಬಣ್ಣ?"

"ನಾನೇನು ಇಣುಕಿ ನೋಡ್ತೀನಾ? ಅಂಥೋಳಲ್ಲ ನಾನು. ಬೂದು."

ಸ್ಟೇಷನ್ನಿನಿಂದ ಸೇತುವೆಯಾಚೆಗೆ ಇಪ್ಪತ್ತೈದು ನಿಮಿಷದ ನಡಿಗೆ. ಹುಟ್ಟಿದಾಗಿನಿಂದ ನೋಡಿದ ಊರು ಅವತ್ತು ಬೇರೆಯವರ ಮನೆಯಂತಿತ್ತು. ಚೌಕದಲ್ಲಿ ತಾಳೆಮರಗಳು, ಪಾರಿವಾಳಗಳು, ಬೆಂಚುಗಳು. ಬೆಂಚಿನ ಮೇಲೆ ದಿನಾ ಕೂತು ಸರ್ಕಾರ ಉರುಳಿಸುವ ನಿವೃತ್ತರು ಮಾತ್ರ ಇಲ್ಲ. ಮಾರುಕಟ್ಟೆಯ ಬಾಗಿಲು ಮುಚ್ಚಿದ್ದರೂ ಮೆಣಸಿನ ಘಾಟು ಹೊರಗೆ ಅಡ್ಡಾಡುತ್ತಿತ್ತು, ಅದಕ್ಕೆ ಪರವಾನಗಿ ಬೇಕಿಲ್ಲ. ನಡುರಸ್ತೆಯಲ್ಲಿ ನಾಯಿಗಳು ಅಂಗಾತ ಮಲಗಿದ್ದವು. ಜನರೆಲ್ಲ ಬಾಲ್ಕನಿಯಲ್ಲಿದ್ದರು.

"ಏ ಎಲ್ವಿಯೊ! ಅಜ್ಜಿ ಸಿಕ್ಕಿದ್ಲಾ?" ಒಂದು ಬಾಲ್ಕನಿ ನಕ್ಕಿತು.

"ಸಿಕ್ಕಿರ್ಬೋದು!"

ನನ್ನ ಮುಖ ನೋಡಿ ಆ ಹೆಂಗಸಿನ ನಗು ನಿಂತಿತು. "ಅಯ್ಯೋ, ನಿಜಾನಾ ಮಗಾ?" ಎಂದಳು. ಅವಳು ಪಕ್ಕದ ಬಾಲ್ಕನಿಗೆ ಹೇಳಿದಳು, ಅದು ಅದರ ಪಕ್ಕದ್ದಕ್ಕೆ. ನಾನು ಬೀದಿಯ ಕೊನೆ ಮುಟ್ಟುವ ಮುಂಚೆ ಸುದ್ದಿ ಮುಟ್ಟಿತ್ತು. "ಓಡಪ್ಪಾ, ಓಡು!" ಎಂದು ಮೇಲಿನಿಂದ ಕೂಗುತ್ತಿದ್ದರು, ಸೈಕಲ್ ಪಂದ್ಯದಲ್ಲಿ ಕೂಗುವ ಹಾಗೆ. ಒಬ್ಬ ಮುದುಕ ಮಹಡಿಯಿಂದ ಕಿತ್ತಳೆಹಣ್ಣು ಎಸೆದ. ಹಿಡಿಯಲಾಗಲಿಲ್ಲ.

ಸೇತುವೆಯ ಮೇಲೆ ಸಿಪಾಯಿಯೊಬ್ಬ ಚೀಟಿ ಕೇಳಿದ. ಓದಿದ. "ಇದು ಮನೆಯಿಂದ ರೇಡಿಯೊಗೆ ಮಾತ್ರ. ಸೇತುವೆ ಇದರಲ್ಲಿ ಇಲ್ಲ."

"ಅಣ್ಣಾ, ನಮ್ಮಜ್ಜಿ..."

"ರೇಡಿಯೊದಲ್ಲಿ ಕೇಳ್ದೆ." ನನ್ನನ್ನು ಒಂದು ಕ್ಷಣ ದಿಟ್ಟಿಸಿ ನದಿಯ ಕಡೆ ತಿರುಗಿ ನಿಂತ. "ನಾನೀಗ ನೀರಿನ ಮಟ್ಟ ನೋಡ್ತಾ ಇದೀನಿ. ಹಿಂದೆ ಯಾರು ಹೋದ್ರು ಅಂತ ನಂಗೇನು ಗೊತ್ತು?"

ನೀರಿನ ಮಟ್ಟ ಎಂದರೆ ನಾಲ್ಕು ಕಲ್ಲು, ಒಂದು ಬಾತುಕೋಳಿ. ಅದನ್ನೇ ಗಂಭೀರವಾಗಿ ನೋಡುತ್ತಿದ್ದ.

ದೋನ್ ಲೀನೊರ ಮನೆ ಹುಡುಕಬೇಕಾಗಲಿಲ್ಲ. ಪಿಟೀಲು ತಿರುವಿನಿಂದಲೇ ಕೇಳುತ್ತಿತ್ತು. ಗೇಟು ತಳ್ಳಿದೆ. ದ್ರಾಕ್ಷಿ ಚಪ್ಪರದ ಕೆಳಗೆ ಬಿಳಿ ಮೀಸೆಯ ಮುದುಕ ಗಲ್ಲದಡಿ ಪಿಟೀಲು ಸಿಕ್ಕಿಸಿಕೊಂಡು ನಿಂತಿದ್ದರು. ಎದುರಿಗೆ ಮೊರದಲ್ಲಿ ಬಟಾಣಿ ಸುಲಿಯುತ್ತಾ, ಕಾಲು ತಟ್ಟುತ್ತಾ, ಎಲೋದಿಯಾ ಅಜ್ಜಿ.

ಅಲ್ಲೇ ಮೆಟ್ಟಿಲಿನ ಮೇಲೆ ಕುಸಿದು ಕೂತೆ.

"ಬಾಆ ಮಗಾ," ಎಂದಳು ಅಜ್ಜಿ. "ಏನಿದು ಬೆವರುಊ? ಗಣತಿ ದಿನ ಯಾರಾದ್ರೂ ಓಡ್ತಾರಾ?"

"ಅಜ್ಜೀ! ಊರೆಲ್ಲ ಹುಡುಕ್ತಿದೀವಿ! ನೀನು ಸತ್ತೇಹೋದೆ ಅಂತ..."

"ಯಾಕೆ? ಚೀಟಿ ಇಟ್ಟಿದ್ನಲ್ಲ, ಹಿಟ್ಟಿನ ಡಬ್ಬಿ ಒಳಗೆ, ಫೋನಿನ ಕೆಳಗೆ."

"ಹಿಟ್ಟಿನ ಡಬ್ಬೀಲಿ ಯಾರು ಚೀಟಿ ಹುಡುಕ್ತಾರಜ್ಜೀ!"

"ಅಡುಗೆ ಮಾಡ್ಕೊಳೋನು ಹುಡುಕ್ತಾನೆ," ಎಂದಳು.

ದೋನ್ ಲೀನೊ ಪಿಟೀಲನ್ನು ಬೆನ್ನ ಹಿಂದೆ ಹಿಡಿದುಕೊಂಡಿದ್ದರು, ಬೀಡಿ ಸೇದಿ ಸಿಕ್ಕಿಬಿದ್ದವರಂತೆ. "ಕ್ಷಮಿಸ್ಬೇಕು ಮಗು. ಈಸ್ಟರ್ ಆಗ್ಲಿ ಅಂದೆ. ನಿಮ್ಮಜ್ಜಿ ಕೇಳ್ಲಿಲ್ಲ."

"ಈಸ್ಟರ್ ತನಕ ಕಾಯೋ ವಯಸ್ಸೇನ್ರೀ ನಮ್ದು?" ಎಂದಳು ಅಜ್ಜಿ.

"ಗುಳಿಗೆ?" ಎಂದೆ.

"ಇವ್ರೂ ಅದನ್ನೇ ನುಂಗೋದು. ಒಂದೇ ಡಾಕ್ಟ್ರು, ಒಂದೇ ಬಣ್ಣ. ಆಸ್ಪತ್ರೆ ಸಾಲಿನಲ್ಲಿ ಪ್ರತಿ ತಿಂಗ್ಳು ಅಕ್ಕಪಕ್ಕ ಕೂತು ಕೂತು ಎರಡು ವರ್ಷ ಆಯ್ತು. ನೀನ್ಯಾವತ್ತು ಕೇಳಿದ್ದೆ, ಆ ಸಾಲಿನಲ್ಲಿ ಅಷ್ಟು ಹೊತ್ತು ಏನು ಮಾಡ್ತೀಯಾ ಅಂತ?"

"ಚಿಕ್ಕಪ್ಪನಿಗೂ ಅತ್ತೆಗೂ ಆಯ್ತು ಅಂದಿದ್ಯಲ್ಲ!"

"ಆಗಲ್ಲ ಅಂದ್ರೆ ಒಂದೊಂದು ಗಂಟೆ ಪಿಟೀಲು ಕುಯ್ತಿದ್ರು. ಅದಕ್ಕಿಂತ ಈ ಪಿಟೀಲು ವಾಸಿ." ಬಟಾಣಿಯೊಂದು ಕೈ ಜಾರಿ ಉರುಳಿತು. ಅದನ್ನು ಹೆಕ್ಕಿಕೊಳ್ಳುತ್ತಾ, ನನ್ನತ್ತ ನೋಡದೆ ಹೇಳಿದಳು: "ಇಬ್ರೂ ನನ್ನ ತಲೆ ಬೇಕು ಅಂದ್ರು ಕಣೋ. ತಲೆ ಒಳಗೆ ಏನಿದೆ ಅಂತ ಕೇಳ್ಲಿಲ್ಲ."

ನಾನು ಫೋನ್ ತೆಗೆದು ಅತ್ತೆಗೆ ಕರೆ ಮಾಡಿ ಅಜ್ಜಿಯ ಕೈಗೇ ಕೊಟ್ಟೆ. ಇನ್ನು ಆ ದನಿಯ ಗುತ್ತಿಗೆ ನನಗೆ ಬೇಡ.

"ಸಬೀನಾಆ, ನಾನು ಕಣೇ."

ಆ ಕಡೆಯಿಂದ ಅತ್ತೆಯ ಕಿರುಚಾಟ ಚಪ್ಪರದವರೆಗೂ ಕೇಳಿತು. "ಎಲ್ವಿಯೊ, ಇನ್ನೊಂದ್ಸಲ ಅಮ್ಮನ ದನಿ ಮಾಡಿದ್ರೆ ಹಲ್ಲುದುರಿಸ್ತೀನಿ!"

"ನಾನೇಏ ಕಣೇ, ಮುಂಡೇದೇ. ನಿಂಗೆ ಏಳನೇ ಕ್ಲಾಸಲ್ಲಿ ಹೇನಾಗಿ ತಲೆ ಬೋಳಿಸಿ, ಟೋಪಿ ಹಾಕಿ ಕಳಿಸ್ತಿದ್ದೆ. ಇದು ಎಲ್ವಿಯೊಗೆ ಗೊತ್ತಾ?"

ಈಗ ಗೊತ್ತಾಯಿತು. ಆ ಕಡೆ ಅತ್ತೆ ಅಳುತ್ತಿರುವುದು ಕೇಳಿಸಿತು. ಸಂಘದ ಅಧ್ಯಕ್ಷೆಯಲ್ಲ, ಬೋಳುತಲೆಯ ಹುಡುಗಿ ಅಳುವ ಹಾಗೆ. ತಾನು ಎಲ್ಲಿ, ಯಾರ ಮನೆಯಲ್ಲಿದ್ದೇನೆಂದು ಅಜ್ಜಿ ಹೇಳಿದಳು. ಅತ್ತೆ ಮೂಗು ಒರೆಸಿಕೊಂಡು ಕೇಳಿದ ಮೊದಲ ಪ್ರಶ್ನೆ: "ಆ ಮನುಷ್ಯ ಕುಡೀತಾನಾ?"

"ಭಾನುವಾರ. ನಾನೂ ಒಂದು ಲೋಟ ಕುಡೀತೀನಿ."

"ಸರಿ," ಎಂದರು ಅತ್ತೆ ಸೋತು. "ಸೇತುವೆ ಆಚೆ ಅಂದ್ರೂ ನಗರದ ಲೆಕ್ಕಕ್ಕೇ ಬರತ್ತೆ."

ಚಿಕ್ಕಪ್ಪನಿಗೆ ಹೇಳಿದಾಗ ಒಂದು ಉದ್ದನೆಯ ಉಸಿರು ಕೇಳಿಸಿತು. "ದೇವರೇ ನಿಂಗೆ ಕೈ ಮುಗಿದೆ," ಎಂದ. "ಬೆಳಗ್ಗಿಂದ ಬಾವಿ ಎಲ್ಲ ಇಣುಕಿ ನೋಡಿ ಬಂದೆ ಕಣೋ." ತಲೆ ಕಮ್ಮಿಯಾದ ಮಾತು ಎತ್ತಲೇ ಇಲ್ಲ. ಬೆತ್ಸಾಬೆಯವರು ರೇಡಿಯೊದಲ್ಲಿ ಸುದ್ದಿ ಹೇಳಿದ್ದೇ ತಡ, ನದಿಯ ಈ ದಂಡೆಯಲ್ಲೂ ಆ ದಂಡೆಯಲ್ಲೂ ಜನ ಬಾಲ್ಕನಿಯಲ್ಲಿ ನಿಂತು ಪಾತ್ರೆ ಬಡಿದರು. ಪ್ರಿಮಿತಿವಾ ಕೂಡ ಗೋಡೆಯಾಚೆ ಒಂದು ಮುಚ್ಚಳ ಬಡಿದಳು, ಮೆಲ್ಲಗೆ, ಉಪವಾಸದ ಮರ್ಯಾದೆಗೆ.

ಹನ್ನೊಂದೂವರೆಗೆ ಗಣತಿಯ ಹುಡುಗಿ ಬಂದಳು. ಕಾಲೇಜಿನವಳು, ಹೆಗಲಿಗೆ ಚೀಲ, ತಲೆಗೆ ದೊಡ್ಡದಾದ ಟೋಪಿ. ಚಪ್ಪರದಡಿ ಕೂತು ನಮೂನೆ ಬಿಡಿಸಿದಳು.

"ನಿನ್ನೆ ರಾತ್ರಿ ಈ ಮನೇಲಿ ಎಷ್ಟು ಜನ ಮಲಗಿದ್ರಿ?"

"ಇಬ್ರು," ಎಂದರು ದೋನ್ ಲೀನೊ. ಕಿವಿಯವರೆಗೂ ಕೆಂಪಾಗಿದ್ದರು. "ಇವ್ರು ಮಂಚದ ಮೇಲೆ, ನಾನು ಪಿಟೀಲಿನ ಕೋಣೇಲಿ. ಅದನ್ನೂ ಬರ್ಕೊಳಮ್ಮ."

"ಅದಕ್ಕೆ ಕಾಲಂ ಇಲ್ಲ ತಾತ. ಮನೆ ಯಜಮಾನ್ರು ನೀವು. ಅಜ್ಜಿ ನಿಮಗೇನಾಗ್ಬೇಕು?"

ದೋನ್ ಲೀನೊ ಪಿಟೀಲಿನ ಕಮಾನನ್ನು ಕೈಗೆತ್ತಿಕೊಂಡರು. "ಅತಿಥಿ ಅಂತ..."

"ಏನೇನಿದೆ ಅಂತ ಓದು ಮಗಳೇ," ಎಂದಳು ಅಜ್ಜಿ. ಮೊರವನ್ನು ಪಕ್ಕಕ್ಕಿಟ್ಟು, ಟೋಪಿ ಸರಿಮಾಡಿಕೊಂಡು, ಫೋಟೋ ತೆಗೆಸಿಕೊಳ್ಳುವವಳಂತೆ ನೆಟ್ಟಗೆ ಕೂತಳು.

"ಹೆಂಡತಿ. ಸಂಗಾತಿ. ಮಗಳು. ಸೊಸೆ. ತಾಯಿ. ಅಕ್ಕ ಅಥವಾ ತಂಗಿ. ಮನೆಗೆಲಸದವರು. ಸಂಬಂಧವಿಲ್ಲದವರು."

"ಎರಡನೇದು ಇನ್ನೊಂದ್ಸಲ ಓದು."

"ಸಂಗಾತಿ."

ಅಜ್ಜಿ ದೋನ್ ಲೀನೊರ ಕಡೆ ನೋಡಿದಳು. ಅವರು ಪಿಟೀಲಿನ ಕಮಾನನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದರು. ತಲೆಯಾಡಿಸಿದರು, ಒಮ್ಮೆ ಸಾಲದೆಂಬಂತೆ ಮತ್ತೊಮ್ಮೆ.

"ಹೂಂ. ಅದನ್ನ ಬರಿ," ಎಂದಳು ಅಜ್ಜಿ. ಆ ಮಾತನ್ನು ಮಾತ್ರ ಎಳೆಯಲಿಲ್ಲ.

ಹುಡುಗಿ ಗುರುತು ಹಾಕಿದಳು. ಓದು, ನೀರು, ಕರೆಂಟು ಎಲ್ಲ ಕೇಳಿ ಮುಗಿಸಿ, 'ಈ ಮನೆಯ ಗಣತಿಯಾಗಿದೆ' ಎಂಬ ಚೀಟಿಯನ್ನು ಬಾಗಿಲಿಗೆ ಅಂಟಿಸಿ ಹೋದಳು. ಬಿಸಿಲಿಗೆ ಅದರ ಒಂದು ಮೂಲೆ ಏಳುತ್ತಿತ್ತು. ಅಜ್ಜಿ ಎದ್ದು ಹೋಗಿ ಹೆಬ್ಬೆರಳಿನಿಂದ ಆ ಮೂಲೆಯನ್ನು ಒತ್ತಿದಳು. ಉಳಿದ ಮೂರು ಮೂಲೆಗಳನ್ನೂ ಒತ್ತಿದಳು, ಗಟ್ಟಿಯಾಗಿ.

ದೋನ್ ಲೀನೊ ಒಳಗಿನಿಂದ ಮೂರು ತಟ್ಟೆ ತಂದರು. ಬೆಳಗ್ಗಿನಿಂದ ಏನೂ ತಿಂದಿಲ್ಲವೆಂದು ಆಗಷ್ಟೇ ನನ್ನ ಹೊಟ್ಟೆಗೆ ನೆನಪಾಯಿತು. ಬಟಾಣಿ ಹಾಕಿದ ಖಾರದ ಸಾರನ್ನು ಎರಡು ಸಲ ಹಾಕಿಸಿಕೊಂಡು ಉಂಡೆ, ಒಂದು ಮಾತೂ ಆಡದೆ, ಯಾರ ದನಿಯಲ್ಲೂ.